ಹಿತ್ತಲಿಗೆ ಬರುವ ಕಾಡುಕುರಿಗೆ ಉಪ್ಪು ಇಡಬೇಡಿ
(ಸಂಪಾದಕರ ಉತ್ತರ)

ಅಮ್ಮಾ, ನಮಸ್ಕಾರ.

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಉಳಿದ ಓದುಗರಿಗೆ ವಿಷಯ ತಿಳಿಯಲಿ ಅಂತ ಮೊದಲು ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಇವರ ಮನೆ ಕೊಡಗಿನ ಶ್ರೀಮಂಗಲದ ಹತ್ತಿರ. ಮನೆ ಹಿಂದೆ ಕಾಫಿ ತೋಟ, ಅದರ ಕೆಳಗೆ ನಾಟಿ ಮಾಡದೆ ಬಿಟ್ಟ ಗದ್ದೆ. ಸಂಜೆಯಾದರೆ ಗದ್ದೆ ಕಡೆಯಿಂದ ಒಂದು ಜಿಂಕೆ ಹತ್ತಿಕೊಂಡು ಬಂದು ಹಿತ್ತಲಿನ ಅತ್ತಿಮರದ ಕೆಳಗೆ ನಿಲ್ಲುತ್ತದೆ. ಒಂಟಿ, ಕೆಂಚು ಬಣ್ಣ, ಮೈಮೇಲೆ ಚುಕ್ಕಿ ಇಲ್ಲ, ರಾತ್ರಿ ನಾಯಿಯ ಹಾಗೆ ಕೂಗುತ್ತದೆ. ರಜೆಗೆ ಬರುವ ಮೊಮ್ಮಕ್ಕಳಿಗೆ ಇನ್ನೂ ಹತ್ತಿರದಿಂದ ತೋರಿಸಬೇಕು, ಅದಕ್ಕೆ ದನಕ್ಕೆ ಇಡುವ ಉಪ್ಪಿನ ಇಟ್ಟಿಗೆ, ಬಾಳೆಹಣ್ಣು, ಉಳಿದ ಅನ್ನ ಇಡಬಹುದಾ ಅಂತ ಕೇಳಿದ್ದಾರೆ. ಪಕ್ಕದ ತೋಟದವರು ಬೇಡ ಅಂದರಂತೆ. ಕಳೆ ಹೊಡೆಯುವಾಗ ಸಿಕ್ಕಿದ ಒಂದು ಮರಿಯ ವಿಷಯವನ್ನೂ ಬರೆದಿದ್ದಾರೆ.

ನೀವು ಬರೆದ ಗುರುತು ನೋಡಿದರೆ ಅದು ಕಾಡುಕುರಿ. ಹೆಸರಿನಲ್ಲಿ ಕುರಿ ಇದ್ದರೂ ಅದು ಜಿಂಕೆಯ ಜಾತಿಯೇ. ಚುಕ್ಕಿ ಜಿಂಕೆ ಹಿಂಡು ಕಟ್ಟಿಕೊಂಡು ಬಯಲಲ್ಲಿ ಮೇಯುವ ಪ್ರಾಣಿ. ನಾಗರಹೊಳೆ ಕಡೆ, ತಿತಿಮತಿ ಕಡೆ ಜಾಸ್ತಿ ಕಾಣುತ್ತದೆ, ಮಳೆ ಜಾಸ್ತಿ ಇರುವ ದಟ್ಟ ಕಾಡಿನಲ್ಲಿ ಕಡಿಮೆ. ಕಡವೆ ನಮ್ಮ ದೇಶದ ಜಿಂಕೆಗಳಲ್ಲೇ ದೊಡ್ಡದು, ಹೆಚ್ಚಾಗಿ ರಾತ್ರಿ ಓಡಾಡುತ್ತದೆ, ಗದ್ದೆಗೆ ಇಳಿದರೆ ಹೆಜ್ಜೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಾಡುಕುರಿ ಸುಮಾರು ಇಪ್ಪತ್ತು, ಇಪ್ಪತ್ತೈದು ಕೆಜಿ ತೂಗುವ ಚಿಕ್ಕ ಪ್ರಾಣಿ. ಮುಂದಿನ ಸಲ ಬಂದಾಗ ಮುಖ ನೋಡಿ. ಹಣೆಯಿಂದ ಕೆಳಗೆ ಎರಡು ಕಪ್ಪು ಗೆರೆ ಕಾಣುತ್ತದೆ. ಗಂಡಾದರೆ ಕೂದಲು ಮುಚ್ಚಿದ ಬುಡದ ಮೇಲೆ ಗಿಡ್ಡ ಕೊಂಬು, ಬಾಯಿಯ ಪಕ್ಕದಲ್ಲಿ ಪುಟ್ಟ ಕೋರೆಹಲ್ಲು. ಇನ್ನೂ ಚಿಕ್ಕದು, ಮೊಲಕ್ಕಿಂತ ಸ್ವಲ್ಪ ದೊಡ್ಡದು, ಮೈಮೇಲೆ ಬಿಳಿ ಪಟ್ಟೆ ಇರುವಂಥದ್ದು ಕಂಡರೆ ಅದು ಬರ್ಕ. ಅದಕ್ಕೆ ಕೊಂಬೇ ಬರುವುದಿಲ್ಲ. ಅದು ಕಣ್ಣಿಗೆ ಬಿದ್ದರೆ ದಯವಿಟ್ಟು ನಮಗೆ ಬರೆಯಿರಿ, ತೋಟದಲ್ಲೇ ಇದ್ದರೂ ಅದನ್ನು ನೋಡಿದವರು ಕಡಿಮೆ.

ನಾಯಿಯ ಹಾಗೆ ಏಕೆ ಕೂಗುತ್ತದೆ ಅಂತ ಮೊಮ್ಮಗಳು ಕೇಳಿದ್ದಾಳಲ್ಲ, ಒಳ್ಳೆ ಪ್ರಶ್ನೆ. ಅಪಾಯದ ವಾಸನೆ ಬಂದಾಗ, ಏನೋ ಇದೆ ಅಂತ ಅನುಮಾನ ಬಂದಾಗ ಹಾಗೆ ಬೊಗಳುತ್ತದೆ. ಸ್ವಲ್ಪ ಬಿಟ್ಟು ಬಿಟ್ಟು, ಕೆಲವೊಮ್ಮೆ ತುಂಬಾ ಹೊತ್ತು. ಅಡಗಿ ಬರುವ ಚಿರತೆಗೆ ‘ನಿನ್ನನ್ನು ನೋಡಿದ್ದೇನೆ’ ಅಂತ ತಿಳಿಸಿದ ಹಾಗೆ. ಅದಕ್ಕೇ ರಾತ್ರಿ ಹಿತ್ತಲಲ್ಲಿ ಕಾಡುಕುರಿ ಬಿಡದೆ ಕೂಗುತ್ತಿದ್ದರೆ ಟಾರ್ಚ್ ಹಿಡಿದು ಹುಡುಕಲು ಹೋಗಬೇಡಿ. ನಾಯಿಯನ್ನು ಒಳಗೆ ಕರೆದುಕೊಳ್ಳಿ, ಕೊಟ್ಟಿಗೆ ಬಾಗಿಲು ಹಾಕಿದೆಯಾ ನೋಡಿ.

ಈಗ ಉಪ್ಪಿನ ವಿಷಯಕ್ಕೆ ಬರುತ್ತೇನೆ. ಇಡಬೇಡಿ. ಪಕ್ಕದ ತೋಟದವರು ಹೇಳಿದ್ದು ಸರಿ.

ಉಪ್ಪು ಇಟ್ಟರೆ ಜಿಂಕೆ ಬರುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಅದು ದಿನಾ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಬರಲು ಶುರು ಮಾಡಿದರೆ ಅದರ ಹಿಂದೆ ಬರುವವರಿಗೂ ಕೆಲಸ ಸುಲಭವಾಗುತ್ತದೆ. ನಿಮ್ಮ ಭಾಗದಲ್ಲಿ ಹುಲಿ ದನ ಹಿಡಿಯುವುದು ಹೊಸದಲ್ಲ, 2021ರಲ್ಲಿ ಆ ಕಡೆ ಮನುಷ್ಯರೇ ಹುಲಿಗೆ ಬಲಿಯಾದರು, ನಿಮಗೆ ನೆನಪಿರುತ್ತದೆ. ಆನೆಗೂ ಉಪ್ಪು ಅಂದರೆ ಪ್ರಾಣ, ಉಪ್ಪಿಗಾಗಿ ಅಡುಗೆಮನೆ ಗೋಡೆ ಕೆಡವುವ ಪ್ರಾಣಿ ಅದು. ಇನ್ನೊಂದು ವಿಷಯ ಜನ ಯೋಚಿಸುವುದೇ ಇಲ್ಲ. ನಿಮ್ಮ ದನ ನೆಕ್ಕಿದ ಇಟ್ಟಿಗೆಯನ್ನೇ ಜಿಂಕೆಯೂ ನೆಕ್ಕಿದರೆ ಕಾಲುಬಾಯಿ ಜ್ವರ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ದಾಟುತ್ತದೆ. ಅನ್ನವೂ ಬೇಡ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಸೊಪ್ಪು, ಚಿಗುರು, ಉದುರಿದ ಹಣ್ಣು ತಿನ್ನುವ ಹೊಟ್ಟೆಗೆ ಇದ್ದಕ್ಕಿದ್ದಂತೆ ಅನ್ನ, ಕಾಳು ಹೋದರೆ ಒಳಗೆ ಹುಳಿಯಾಗಿ ಪ್ರಾಣಕ್ಕೇ ಬರಬಹುದು. ಬಾಳೆಹಣ್ಣು ಇಟ್ಟರೆ ಅದಕ್ಕಿಂತ ಮೊದಲು ಮಂಗ ಬರುತ್ತದೆ, ಹಂದಿ ಬರುತ್ತದೆ, ಆಮೇಲೆ ಅವುಗಳ ಮೇಲೆ ನಿಮಗೇ ಸಿಟ್ಟು ಬರುತ್ತದೆ.

ಅದು ಈಗ ಬರುತ್ತಿರುವುದೇ ನಿಮ್ಮ ಅತ್ತಿಮರಕ್ಕೆ. ಮೇಲೆ ಮಂಗಟ್ಟೆ ಹಕ್ಕಿ, ಮಂಗ, ಕೆಂಚಳಿಲು ತಿಂದು ಉದುರಿಸಿದ ಹಣ್ಣು ಕೆಳಗೆ ಕಾಡುಕುರಿಗೆ. ಪಾಳು ಗದ್ದೆಯಲ್ಲಿ ಹುಲ್ಲು, ನೀರು, ಹಗಲು ಅಡಗಲು ಪೊದೆ. ನಿಮ್ಮ ಜಾಗದಲ್ಲಿ ಆಗಲೇ ಅದಕ್ಕೆ ಬೇಕಾದ್ದೆಲ್ಲ ಇದೆ ಅಮ್ಮಾ, ಅದನ್ನು ಕಾಪಾಡಿ. ತೋಟದಲ್ಲಿ ನೆರಳಿಗೆ ಸಿಲ್ವರ್ ಓಕ್ ಹಾಕಿದರೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರುವುದೂ ಸುಲಭ, ಅದು ನನಗೂ ಅರ್ಥವಾಗುತ್ತದೆ. ಆದರೆ ಹಣ್ಣು ತಿನ್ನುವ ಒಂದು ಹಕ್ಕಿಗೂ ಅದು ಊಟ ಕೊಡುವುದಿಲ್ಲ. ಇರುವ ಅತ್ತಿ, ನೇರಳೆ, ನೆಲ್ಲಿ ಮರಗಳನ್ನು ಉಳಿಸಿ. ಹಲಸು ಮಾತ್ರ ಮನೆಗೆ ತೀರಾ ಹತ್ತಿರ ಇದ್ದರೆ ಕಾಯಿ ಇರುವಾಗಲೇ ಇಳಿಸಿಬಿಡಿ. ಹಣ್ಣಾದ ವಾಸನೆಗೆ ಆನೆ ಅಂಗಳಕ್ಕೇ ಬರುತ್ತದೆ. ಬಂದರೆ ಯಾರೂ ಓಡಿಸಲು ಹೋಗಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಮರಿಯ ವಿಷಯ ಓದಿ ಬೇಜಾರಾಯಿತು. ತಾಯಿ ಬಿಟ್ಟು ಹೋಗಿದೆ ಅಂತ ಕೆಲಸದವರು ಎತ್ತಿಕೊಂಡು ಬಂದರು, ನೀವು ಹಾಲು ಕುಡಿಸಲು ನೋಡಿದಿರಿ, ಮಾರನೇ ದಿನ ಸತ್ತಿತು. ಯಾರದ್ದೂ ಕೆಟ್ಟ ಮನಸ್ಸಲ್ಲ. ಆದರೆ ಮುಂದೆ ಹೀಗಾಗದಿರಲಿ ಅಂತ ಬಿಡಿಸಿ ಹೇಳುತ್ತೇನೆ. ಮರಿ ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಅದನ್ನು ಪೊದೆಯಲ್ಲಿ ಮಲಗಿಸಿ ದೂರ ಮೇಯಲು ಹೋಗುತ್ತದೆ, ಹಾಲು ಕುಡಿಸಲು ಮಾತ್ರ ಬರುತ್ತದೆ. ಮೈಮೇಲಿನ ಚುಕ್ಕಿಯಿಂದ ಮರಿ ತರಗೆಲೆಯಲ್ಲಿ ಕಾಣುವುದೇ ಇಲ್ಲ. ಯಾರಾದರೂ ಬಂದರೆ ಓಡುವುದಿಲ್ಲ, ಮಿಸುಕದೆ ಮಲಗಿರುತ್ತದೆ. ಕಳೆ ಕೊಚ್ಚುವ ಮಿಷನ್ ಬಂದರೂ ಹಾಗೇ ಮಲಗಿರುತ್ತದೆ, ಅದೇ ದೊಡ್ಡ ಅಪಾಯ. ಕಾಡುಕುರಿ ವರ್ಷದ ಯಾವ ಕಾಲದಲ್ಲೂ ಮರಿ ಹಾಕಬಹುದು, ಹಾಗಾಗಿ ಮಿಷನ್ ಶುರು ಮಾಡುವ ಮೊದಲು ಒಬ್ಬರು ಕೋಲು ಹಿಡಿದು ಆ ಪಟ್ಟಿಯಲ್ಲಿ ಒಮ್ಮೆ ನಡೆದು ನೋಡಲಿ. ಮರಿ ಕಂಡರೆ ಮುಟ್ಟದೆ ಆ ಜಾಗ ಬಿಟ್ಟು ಬೇರೆ ಕಡೆ ಕೆಲಸ ಮಾಡಿ. ಗಾಯವಾಗಿದ್ದರೆ, ನಾಯಿ ಹಿಡಿದಿದ್ದರೆ ಆಗಲೂ 1926. ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದಿರಲಿ, ಅದು ಬದುಕುವುದೂ ಕಷ್ಟ.

ಬೇಲಿ ಸುತ್ತ ಒಂದು ಸುತ್ತು ಹಾಕಿಸಿ. ಹಂದಿಗೆ ಅಂತ ಬೈಕಿನ ಕ್ಲಚ್ ವೈರಿನಲ್ಲಿ ಉರುಳು ಕಟ್ಟುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅದಕ್ಕೆ ಹಂದಿಯೇ ಬೀಳಬೇಕು ಅಂತಿಲ್ಲ. ಕಾಡುಕುರಿ ಬೀಳುತ್ತದೆ, ಚಿರತೆ ಬೀಳುತ್ತದೆ, ನಿಮ್ಮ ಮನೆ ನಾಯಿಯೂ ಬೀಳುತ್ತದೆ. ಇದರ ಬಗ್ಗೆ ಸುಮ್ನೆ ಇರಬೇಡಿ.

ಮಕ್ಕಳಿಗೆ ತೋರಿಸುವುದು ಹೇಗೆ? ನಮ್ಮ ಹಿರಿಯರಲ್ಲಿ ಬೇಟೆಗಾರರಿದ್ದರು. ಗಾಳಿ ಎತ್ತ ಬೀಸುತ್ತಿದೆ, ಹೆಜ್ಜೆ ಎಷ್ಟು ಹೊತ್ತಿನದು, ಹಿಕ್ಕೆ ಯಾವುದರದ್ದು ಅಂತ ನೋಡಿ ಹೇಳುತ್ತಿದ್ದರು. ಬೇಟೆ ಕಾನೂನಿಗೆ ವಿರುದ್ಧವಾಗಿ ಐವತ್ತು ವರ್ಷ ದಾಟಿತು, ಅದು ಒಳ್ಳೆಯದೇ ಆಯಿತು. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡುವುದು ಉಳಿದಿದೆ. ಆದರೆ ನೆಲ ನೋಡಿ ಹೇಳುವ ಆ ವಿದ್ಯೆ ನಮ್ಮ ಕೈ ಬಿಟ್ಟು ಹೋಗುತ್ತಿದೆ, ಅದಕ್ಕೆ ಕೋವಿಯೇ ಬೇಕಂತಿಲ್ಲ ಅಲ್ವಾ. ಬೆಳಿಗ್ಗೆ ಮಕ್ಕಳನ್ನು ಗದ್ದೆ ಬದುವಿಗೆ ಕರೆದುಕೊಂಡು ಹೋಗಿ. ಹಂದಿಯ ಹೆಜ್ಜೆಯಲ್ಲಿ ಮುಖ್ಯ ಗೊರಸಿನ ಹಿಂದೆ ಎರಡು ಚಿಕ್ಕ ಗುರುತು ಬೀಳುತ್ತದೆ, ಕಾಡುಕುರಿಯದ್ದರಲ್ಲಿ ಸಾಮಾನ್ಯವಾಗಿ ಬೀಳುವುದಿಲ್ಲ. ಕಲ್ಲಿನ ಮೇಲೆ ಕಾಫಿ ಬೀಜ ತುಂಬಿದ ಹಿಕ್ಕೆ ಕಂಡರೆ ಅದು ಪುನುಗು ಬೆಕ್ಕಿನದು. ಸಂಜೆ ಜಗಲಿಯಲ್ಲಿ ದೀಪ ಆರಿಸಿ, ಗಾಳಿ ನಿಮ್ಮ ಕಡೆ ಬೀಸುವ ಜಾಗ ನೋಡಿ ಕೂರಿಸಿ. ಮೊಬೈಲ್ ಒಳಗಿರಲಿ. ಒಂದು ಸಾದಾ ಬೈನಾಕ್ಯುಲರ್ ಇದ್ದರೆ ಉಪ್ಪು ಮಾಡುವ ಕೆಲಸ ಅದೇ ಮಾಡುತ್ತದೆ. ಕೆಲವು ದಿನ ಏನೂ ಬರುವುದಿಲ್ಲ, ಮಕ್ಕಳು ಗೊಣಗುತ್ತಾರೆ. ಗೊಣಗಲಿ. ಕರೆಯದೆ ಬಂದದ್ದನ್ನು ಕಾದು ನೋಡಿದ ಮಗು ಅದನ್ನು ಮರೆಯುವುದಿಲ್ಲ ಅನ್ನುವುದು ನನ್ನ ನಂಬಿಕೆ.

ಕೊನೆಗೆ, ಫೋಟೋ ಕಳಿಸಿದರೆ ಹಾಕುತ್ತೀರಾ ಅಂತ ಕೇಳಿದ್ದೀರಿ. ಖಂಡಿತ ಹಾಕುತ್ತೇವೆ, ಆದರೆ ಜಾಗ ಅಂತ ತಾಲೂಕಿನ ಹೆಸರು ಮಾತ್ರ ಹಾಕುತ್ತೇವೆ. ದಿನಾ ಸಂಜೆ ಇಷ್ಟು ಗಂಟೆಗೆ ಇಂಥ ಮರದ ಕೆಳಗೆ ಬರುತ್ತದೆ ಅಂತ ನೀವೂ ಸ್ಟೇಟಸ್‌ನಲ್ಲಿ ಬರೆಯಬೇಡಿ, ಅದನ್ನು ಓದುವವರೆಲ್ಲ ಬರೀ ನೋಡಲು ಬರುವವರಲ್ಲ. ಫೋಟೋ ಜೊತೆಗೆ ಅತ್ತಿ ಯಾವ ತಿಂಗಳು ಹಣ್ಣಾಯಿತು, ಆಗ ಯಾವ್ಯಾವ ಪ್ರಾಣಿ, ಹಕ್ಕಿ ಬಂದವು ಅಂತ ಮೊಮ್ಮಗಳ ಕೈಯಲ್ಲೇ ಬರೆಸಿ ಕಳಿಸಿ. ಅದನ್ನೂ ಪ್ರಕಟಿಸುತ್ತೇವೆ.