ರೇಡಿಯೇಷನ್ ಬೇಡ ಅಂದರೆ ಕೈಬಿಟ್ಟರು ಅಂತಲ್ಲ

(ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ: '24 ವರ್ಷದ ಮಗಳಿಗೆ ಎರಡನೇ ಹಂತದ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್). ಮೂರು ಸೈಕಲ್ ಎಬಿವಿಡಿ (ನಾಲ್ಕು ಔಷಧಿ ಸೇರಿದ) ಕೀಮೋ ಮುಗಿದಿದೆ, ಪೆಟ್ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಒಬ್ಬ ಡಾಕ್ಟರು ರೇಡಿಯೇಷನ್ ಬೇಕು ಅಂದರು, ಇನ್ನೊಬ್ಬರು ಬೇಡ ಅಂದರು. ದುಡ್ಡಿಲ್ಲದವರು ಅಂತ ಬಿಟ್ಟುಬಿಟ್ಟರಾ?')

ನಿಮ್ಮ ಕೊನೆಯ ಸಾಲು ಎರಡು ದಿನ ನನ್ನ ನಿದ್ದೆ ಕೆಡಿಸಿತು. ಇಲ್ಲ, ಬಿಟ್ಟುಬಿಟ್ಟಿಲ್ಲ.

ನಾನು ವೈದ್ಯನಲ್ಲ. ಆದರೆ ಇದೇ ಎಬಿವಿಡಿಗೆಂದು ತಂಗಿಯನ್ನು ಕರೆದುಕೊಂಡು ಹಾಸನದಿಂದ ಬೆಂಗಳೂರಿಗೆ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿದವನು. ಕೆಂಪು ಔಷಧಿ ಏರಿದ ಮೇಲೆ ಮೂತ್ರವೂ ಕೆಂಪಾಗಿ ಅವಳು ಗಾಬರಿಯಾದದ್ದು, ಅದರಲ್ಲೇ ಇನ್ನೊಂದು ಔಷಧಿಯಾದ ಡಕಾರ್ಬಝೀನ್ ಬಾಟಲಿಗೆ ಬೆಳಕು ತಾಗದಂತೆ ನರ್ಸ್ ಕಪ್ಪು ಕವರು ಸುತ್ತುತ್ತಿದ್ದದ್ದು ಇನ್ನೂ ಕಣ್ಣಲ್ಲಿದೆ.

ನಿಮ್ಮ ಪ್ರಶ್ನೆಯನ್ನೇ ಬ್ರಿಟನ್ನಿನ ವೈದ್ಯರು ಪರೀಕ್ಷೆಗೆ ಒಡ್ಡಿದ್ದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆರಂಭದ ಹಂತದವರು (ಎರಡನೇ ಹಂತವೂ ಸೇರಿ), ಮೂರು ಸೈಕಲ್ ಎಬಿವಿಡಿ, ಪೆಟ್ ಸ್ವಚ್ಛ. ಅರ್ಧ ಜನಕ್ಕೆ ರೇಡಿಯೇಷನ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಇದ್ದವರು ರೇಡಿಯೇಷನ್ ಪಡೆದವರಲ್ಲಿ ನೂರಕ್ಕೆ ಸುಮಾರು 95, ಪಡೆಯದವರಲ್ಲಿ 91. ಬದುಕುಳಿದವರ ಲೆಕ್ಕದಲ್ಲಿ ಮಾತ್ರ ರೇಡಿಯೇಷನ್‌ನಿಂದ ಲಾಭ ಕಾಣಲಿಲ್ಲ. ಮರುಕಳಿಸಿದರೂ ಮತ್ತೆ ಚಿಕಿತ್ಸೆಗೆ ದಾರಿ ಇದೆ.

ಆ ನಾಲ್ವರ ಲೆಕ್ಕ ಸಣ್ಣದಲ್ಲ. ರೇಡಿಯೇಷನ್ ಬೇಕು ಅಂದವರು ಅದನ್ನು ನೋಡಿದ್ದಾರೆ. ಬೇಡ ಅಂದವರು ನಿಮ್ಮ ಮಗಳಿಗೆ ನಲವತ್ತೈದು ಆದಾಗಿನ ದಿನಗಳನ್ನು ನೋಡಿದ್ದಾರೆ: ಚಿಕ್ಕ ವಯಸ್ಸಿನಲ್ಲಿ ಎದೆಗೆ ಬಿದ್ದ ವಿಕಿರಣ ಹತ್ತಿಪ್ಪತ್ತು ವರ್ಷ ಕಳೆದು ಸ್ತನ ಕ್ಯಾನ್ಸರ್, ಹೃದಯದ ತೊಂದರೆ ತರುವ ಸಂಭವ ಹೆಚ್ಚು. ಈಗ ಹಿಂದಿನ ಹಾಗೆ ಇಡೀ ಎದೆಗೆ ಕೊಡುವುದಿಲ್ಲ, ಪ್ರಮಾಣವೂ ಇಳಿದಿದೆ. ಹಾಗಾಗಿ ಅಪಾಯವೂ ಇಳಿದಿದೆ, ಆದರೆ ಹೋಗಿಲ್ಲ.

ಆದ್ದರಿಂದ ಗಡ್ಡೆ ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಅಂತ ಕೇಳಿ. ಎದೆಯಲ್ಲಿ ದೊಡ್ಡ ಗಡ್ಡೆ ಇದ್ದವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಕತ್ತಿನಲ್ಲಷ್ಟೇ ಇದ್ದರೆ ಸ್ತನಕ್ಕೆ ವಿಕಿರಣ ಬೀಳುವ ಭಯ ಕಡಿಮೆ. ಕೀಮೋಗೆ ಮೊದಲಿನದು, ನಂತರದ್ದು, ಎರಡೂ ಸ್ಕ್ಯಾನಿನ ವರದಿ ಹಿಡಿದು, ಮಗಳನ್ನೂ ಕೂರಿಸಿಕೊಂಡು ಮಾತಾಡಿ. ದೇಹ ಅವಳದು.

ಇನ್ನೊಂದು, ಇದು ತಡವಾಗಬಾರದು. ಎಬಿವಿಡಿಯಲ್ಲಿರುವ ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಪೆಟ್ಟು ಕೊಡಬಹುದು. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ಮಲೆನಾಡಿನ ಥಂಡಿ ಅಂತ ಕಷಾಯ ಕುಡಿಸುತ್ತಾ ಕೂರಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

- ಸಂಪಾದಕ