ವಾಹನ ಪ್ರಶ್ನೋತ್ತರ: ಬೈಕಿಗೆ ಎಂಥ ಬೀಗ, ಎಂಥ ಅಲಾರಂ?

ಪ್ರಶ್ನೆ: ರಾಯಚೂರಿನ ತೀನ್ ಕಂದಿಲ್ ಸಮೀಪದ ಗಲ್ಲಿಯೊಂದರಲ್ಲಿ ಬಾಡಿಗೆಗೆ ಇದ್ದೇನೆ. ಮನೆಗೆ ಅಂಗಳವಿಲ್ಲದ್ದರಿಂದ ನನ್ನ 125 ಸಿಸಿ ಬೈಕ್ ರಾತ್ರಿಯೆಲ್ಲ ಹೊರಗೇ ನಿಲ್ಲುತ್ತದೆ. ಹ್ಯಾಂಡಲ್ ಲಾಕ್ ಹಾಕಿದ್ದರೂ ಪಕ್ಕದ ಮನೆಯವರ ಬೈಕ್ ಕಳವಾಯಿತು. ನನ್ನ ಕೈಯಲ್ಲಿ ಎರಡು ಸಾವಿರ ರೂಪಾಯಿ ಇದೆ. ಅಲಾರಂ ಹಾಕಿಸಲೇ, ಡಿಸ್ಕ್ ಲಾಕ್ ಕೊಳ್ಳಲೇ?

ಉತ್ತರ: ಮೊದಲು ಸರಪಳಿ ಕೊಳ್ಳಿ. ಹ್ಯಾಂಡಲ್ ಲಾಕ್ ಎಂಬುದು ಹ್ಯಾಂಡಲಿನ ಕಂಬದಲ್ಲಿರುವ ಗುಳಿಯೊಳಗೆ ಹೋಗಿ ಕೂರುವ ಒಂದು ಸಣ್ಣ ಲೋಹದ ನಾಲಿಗೆ ಮಾತ್ರ. ಹ್ಯಾಂಡಲಿನ ಉದ್ದವೇ ಸನ್ನೆಗೋಲಿನಂತೆ ವರ್ತಿಸುವುದರಿಂದ ಬಲವಾದ ಒತ್ತಡಕ್ಕೆ ಆ ನಾಲಿಗೆ ಬಹಳ ಹೊತ್ತು ತಡೆಯುವುದಿಲ್ಲ. ಬ್ರೇಕಿನ ಡಿಸ್ಕಿನ ರಂಧ್ರಕ್ಕೆ ಹಾಕುವ ಬೀಗವಾದ ಡಿಸ್ಕ್ ಲಾಕ್ ಅದಕ್ಕಿಂತ ಮೇಲು, ಆದರೆ ಅದು ಚಕ್ರ ಉರುಳದಂತೆ ತಡೆಯುತ್ತದೆಯೇ ಹೊರತು ಬೈಕನ್ನು ಎತ್ತದಂತೆ ತಡೆಯುವುದಿಲ್ಲ. ನಿಮ್ಮ ಬೈಕಿನ ತೂಕ ಸುಮಾರು 120 ಕೆ.ಜಿ. ಇದ್ದೀತು, ಮೂವರು ಸೇರಿದರೆ ಗೂಡ್ಸ್ ಆಟೋಗೆ ಏರಿಸಬಹುದು. ಎತ್ತಿಗೆ ಕಣ್ಣಿ ಹಾಕಿ ಗೂಟಕ್ಕೆ ಕಟ್ಟದೆ ಬಿಟ್ಟರೆ ಹೇಗೋ, ಬೈಕಿಗೆ ಬೀಗ ಹಾಕಿ ನೆಲಕ್ಕೋ ಗೋಡೆಗೋ ಕಟ್ಟದೆ ಬಿಟ್ಟರೂ ಹಾಗೆಯೇ.

ಸರಪಳಿ ಕೊಳ್ಳುವಾಗ ಮೇಲಿನ ಬಟ್ಟೆ ಅಥವಾ ಪ್ಲಾಸ್ಟಿಕ್ ಹೊದಿಕೆಯ ದಪ್ಪಕ್ಕೆ ಮೋಸಹೋಗದೆ, ಒಳಗಿನ ಕೊಂಡಿಯ ದಪ್ಪ ಎಷ್ಟು ಮಿಲಿಮೀಟರ್ ಎಂದು ಕೇಳಿ. ಹದಗೊಳಿಸಿದ ಉಕ್ಕಿನದಾಗಿದ್ದು 10 ಮಿ.ಮೀ. ದಪ್ಪವಿದ್ದರೆ ನಿಮ್ಮ ಬಜೆಟ್ಟಿಗೆ ಒಳ್ಳೆಯ ಮಾಲು. ಅದಕ್ಕಿಂತ ದಪ್ಪದ್ದು ಇನ್ನೂ ಗಟ್ಟಿ, ಆದರೆ ಹೊತ್ತು ತಿರುಗುವುದು ಕಷ್ಟ. ಬೆರಳುಗಾತ್ರ ಕಾಣುವ ಕೇಬಲ್ ಲಾಕಿನ ಒಳಗಿರುವುದು ತೆಳು ತಂತಿಯ ಎಳೆಗಳು. ಅದು ಹೆಲ್ಮೆಟ್ ಕಟ್ಟಲು ಸಾಕು, ಬೈಕ್ ಕಟ್ಟಲು ಸಾಲದು. ಸರಪಳಿಯನ್ನು ಹಿಂದಿನ ಚಕ್ರ ಮತ್ತು ಚೌಕಟ್ಟು ಎರಡರ ಮೂಲಕವೂ ಹಾಯಿಸಿ, ನೆಲಕ್ಕೆ ಮುಟ್ಟದಂತೆ ಬಿಗಿಯಾಗಿ ಎಳೆದು ಬೀಗ ಹಾಕಬೇಕು. ಸಡಿಲವಾಗಿ ನೆಲದ ಮೇಲೆ ಬಿದ್ದ ಸರಪಳಿಗೆ ನೆಲವೇ ಅಡಿಗಲ್ಲಾಗಿ ಸುತ್ತಿಗೆಯ ಪೆಟ್ಟು ಪೂರ್ತಿ ತಗಲುತ್ತದೆ. ಮುಂದಿನ ಚಕ್ರವೊಂದಕ್ಕೇ ಕಟ್ಟಿದರೆ ಚಕ್ರ ನಿಮ್ಮ ಬಾಗಿಲಲ್ಲಿ ಉಳಿದು ಬೈಕ್ ಹೋಗಬಹುದು.

ಕಟ್ಟುವುದು ಯಾವುದಕ್ಕೆ ಎಂಬುದೇ ನಮ್ಮ ಊರುಗಳಲ್ಲಿ ದೊಡ್ಡ ಪ್ರಶ್ನೆ. ಹಳೆಯ ಮನೆಗಳ ಮುಂಗಟ್ಟೆಯಲ್ಲಿ ದನ ಕಟ್ಟುವ ಕಬ್ಬಿಣದ ಬಳೆ ಇನ್ನೂ ಉಳಿದಿದ್ದರೆ ಅದೃಷ್ಟವೆಂದೇ ತಿಳಿಯಿರಿ. ಇಲ್ಲವಾದರೆ ಮನೆಯ ಮಾಲೀಕರ ಒಪ್ಪಿಗೆ ಪಡೆದು ಒಂದು ಕೊಂಡಿ ಹೂಳಿಸಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಬಾಗಿಲ ಮುಂದಿನ ಶಹಾಬಾದ್ ಫರಸಿಗೇ ರಂಧ್ರ ಕೊರೆಸಿ ಬೋಲ್ಟ್ ಬಿಗಿಸುವುದು. ಅದು ಪದರ ಪದರವಾಗಿ ಏಳುವ ಸುಣ್ಣಕಲ್ಲು, ಅದರ ಕೆಳಗೆ ಬಹುಪಾಲು ಮರಳೋ ತೆಳುವಾದ ಗಾರೆಯೋ ಇರುತ್ತದೆ. ಜೋರಾಗಿ ಎಳೆದರೆ ಕಲ್ಲಿನ ಚೂರಿನೊಂದಿಗೆ ಬೋಲ್ಟೂ ಮೇಲೆ ಬರುತ್ತದೆ. ಒಂದು ಫರಸಿ ತೆಗೆಸಿ, ಒಂದಡಿ ಗುಂಡಿ ತೋಡಿಸಿ, ಕಾಲು ಅಗಲಿಸಿದ ಕಬ್ಬಿಣದ ಕೊಂಡಿಯನ್ನು ಇಟ್ಟು ಕಾಂಕ್ರೀಟ್ ತುಂಬಿಸುವುದು ಒಂದು ದಿನದ ಕೆಲಸ. ವಿದ್ಯುತ್ ಕಂಬಕ್ಕೆ ಮಾತ್ರ ಕಟ್ಟಬೇಡಿ. ಮಳೆಯಲ್ಲಿ ಕಂಬಕ್ಕೆ ವಿದ್ಯುತ್ ಹರಿದರೆ ಕಳ್ಳನಿಗಿಂತ ಮೊದಲು ನಿಮಗೇ ಅಪಾಯ. ಯಾವ ಆಸರೆಯೂ ಸಿಗದಿದ್ದರೆ ನೆರೆಯವರ ಬೈಕಿಗೂ ನಿಮ್ಮ ಬೈಕಿಗೂ ಒಂದೇ ಸರಪಳಿ ಹಾಕಿ, ಬೀಗದ ಕೀಲಿ ಇಬ್ಬರೂ ಒಂದೊಂದು ಇಟ್ಟುಕೊಳ್ಳಿ. ಎರಡು ಬೈಕ್‌ಗಳನ್ನು ಜೋಡಿಯಾಗಿ ಎತ್ತಿಕೊಂಡು ಇಕ್ಕಟ್ಟಾದ ಗಲ್ಲಿಯಿಂದ ಹೊರಬೀಳುವುದು ಸುಲಭವಲ್ಲ.

ಹಣ ಮಿಕ್ಕರೆ ಅಲಾರಂ ಇರುವ ಡಿಸ್ಕ್ ಲಾಕ್ ಕೊಳ್ಳಿ. ಅದು ತನ್ನದೇ ಗುಂಡಿ ಸೆಲ್‌ಗಳಿಂದ ನಡೆಯುವುದರಿಂದ ಬೈಕಿನ ವೈರಿಂಗ್ ಮುಟ್ಟಬೇಕಾಗಿಲ್ಲ.

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಅಂಗಡಿ ಇದೆ. ಮೆಕ್ಯಾನಿಕ್ ಒಬ್ಬರಿಂದ ರಿಮೋಟ್ ಅಲಾರಂ ಹಾಕಿಸಿದೆ. ರಾತ್ರಿ ಲಾರಿ ಹೋದಾಗಲೆಲ್ಲ ಅದು ಕೂಗುತ್ತದೆ. ಹದಿನೈದು ದಿನ ಬೆಂಗಳೂರಿಗೆ ಹೋಗಿ ಬಂದಾಗ ಬೈಕ್ ಸ್ಟಾರ್ಟ್ ಆಗಲೇ ಇಲ್ಲ. ಇದನ್ನು ಕಿತ್ತುಹಾಕಿ ಜಿಪಿಎಸ್ ಹಾಕಿಸುವುದು ಒಳ್ಳೆಯದೇ?

ಉತ್ತರ: ಲಾರಿಗೆಲ್ಲ ಕೂಗುವ ಅಲಾರಂ ನಿಜವಾದ ಕಳವಿನ ರಾತ್ರಿ ಕೂಗಿದರೂ ಬೀದಿಯವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಬಹುತೇಕ ಸಾಧನಗಳಲ್ಲಿ ಕಂಪನದ ಸೂಕ್ಷ್ಮತೆಯನ್ನು ತಗ್ಗಿಸುವ ಅವಕಾಶ ಇರುತ್ತದೆ. ಮೊದಲು ಅದನ್ನು ಮಾಡಿಸಿ. ಸ್ಟ್ಯಾಂಡಿನಿಂದ ಇಳಿಸಿದಾಗ ಕೂಗಬೇಕು, ಸೀಟಿನ ಮೇಲೆ ಕೈ ಇಟ್ಟಾಗ ಸುಮ್ಮನಿರಬೇಕು.

ಬ್ಯಾಟರಿಯ ಲೆಕ್ಕ ಸರಳವಾಗಿದೆ. ಸಣ್ಣ ಬೈಕಿನ ಬ್ಯಾಟರಿ ಸುಮಾರು 4 ಆಂಪಿಯರ್ ಅವರ್ ಸಾಮರ್ಥ್ಯದ್ದು. ಅಲಾರಂ ಸುಮ್ಮನೆ ಕಾಯುತ್ತ ಕುಳಿತಾಗ 10 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 0.24 ಆಂಪಿಯರ್ ಅವರ್ ಖರ್ಚಾಗಿ, ಎಂಟು ದಿನಕ್ಕೆ ಅರ್ಧ ಬ್ಯಾಟರಿ ಬರಿದಾಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಬ್ಯಾಟರಿ ತಾನಾಗಿಯೂ ಬೇಗ ಇಳಿಯುತ್ತದೆ. ಆದ್ದರಿಂದ ಊರಿಗೆ ಹೋಗುವಾಗ ಅಲಾರಮನ್ನು ನೆಚ್ಚದೆ ಬೈಕನ್ನು ಅಂಗಡಿಯೊಳಗೆ ನಿಲ್ಲಿಸಿ ಬ್ಯಾಟರಿಯ ತಂತಿ ಬಿಚ್ಚಿಡಿ.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಅಗ್ಗದ ಅಲಾರಂಗಳಲ್ಲಿ ರಿಮೋಟ್ ಒತ್ತಿ ಓಡುವ ಬೈಕಿನ ಎಂಜಿನ್ ನಿಲ್ಲಿಸುವ ಸೌಲಭ್ಯವಿರುತ್ತದೆ. ಜೇಬಿನಲ್ಲಿ ಗುಂಡಿ ಅದುಮಿಯೋ, ಮೆಕ್ಯಾನಿಕ್ ಕತ್ತರಿಸಿ ಸುತ್ತಿದ ತಂತಿ ಬಿಸಿಲಿಗೆ ಸಡಿಲಗೊಂಡೋ ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಯ ಮುಂದೆ ಎಂಜಿನ್ ನಿಂತರೆ ಏನಾದೀತು ಎಂಬುದನ್ನು ಯೋಚಿಸಿ. ಆ ಸಂಪರ್ಕವನ್ನು ತೆಗೆಸಿಬಿಡಿ.

ಜಿಪಿಎಸ್ ಟ್ರ್ಯಾಕರ್ ಕಳವನ್ನು ತಡೆಯುವುದಿಲ್ಲ, ಕಳವಾದ ಮೇಲೆ ದಾರಿ ತೋರಿಸುತ್ತದೆ. ಅದರಲ್ಲಿ 2ಜಿ ಸಿಮ್ ಬಳಕೆಯಾಗುವುದಾದರೆ ಜಿಯೋ ಸಿಮ್ ಕೆಲಸಕ್ಕೆ ಬಾರದು, ಏಕೆಂದರೆ ಜಿಯೋಗೆ 2ಜಿ ಜಾಲವೇ ಇಲ್ಲ. ಒಳಗೆ ಸ್ವಂತ ಬ್ಯಾಟರಿ ಇರುವುದನ್ನೇ ಆರಿಸಿ, ಲೋಹದ ಮರೆ ಇಲ್ಲದ ಕಡೆ ಅಡಗಿಸಿಡಿ. ಅದು ತೋರಿಸಿದ ಜಾಗಕ್ಕೆ ನೀವೇ ಗೆಳೆಯರನ್ನು ಕಟ್ಟಿಕೊಂಡು ಹೋಗದೆ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದಾಗ ಡಿಸ್ಕ್ ಲಾಕ್ ಹಾಕಿದ್ದನ್ನು ಮರೆತು ಬೈಕ್ ಹೊರಡಿಸಿ ಬಿದ್ದೆ. ಮತ್ತೆ ಹೀಗಾಗದಂತೆ ಏನು ಮಾಡಲಿ?

ಉತ್ತರ: ಲಾಕಿನಿಂದ ಬ್ರೇಕ್ ಹಿಡಿಯವರೆಗೆ ಕಟ್ಟುವ ಬಣ್ಣದ ಸುರುಳಿ ತಂತಿ ಸಿಗುತ್ತದೆ, ಅದು ಕೈಗೆ ತಡೆದಾಗ ನೆನಪಾಗುತ್ತದೆ. ಲಾಕನ್ನು ಚಕ್ರ ಮುಂದೆ ಉರುಳಿದಾಗ ಕೂಡಲೇ ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗಕ್ಕೆ) ತಾಗುವಂತೆ ಅದರ ಪಕ್ಕದಲ್ಲೇ ಹಾಕಿದರೆ, ಮರೆತರೂ ಬೈಕ್ ವೇಗ ಪಡೆಯುವ ಮೊದಲೇ ನಿಲ್ಲುತ್ತದೆ. ಡಿಸ್ಕ್ ಬಾಗಿದೆಯೇ ಎಂದು ಒಮ್ಮೆ ತೋರಿಸಿಕೊಳ್ಳಿ. ಬೀಗದ ರಂಧ್ರಕ್ಕೆ ಎಂಜಿನ್ ಆಯಿಲ್ ಬಿಡಬೇಡಿ, ನಮ್ಮ ಕಡೆಯ ಧೂಳಿಗೆ ಅದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಸಾಕು.

ಪ್ರಶ್ನೆ: ಗಂಗಾವತಿಯಲ್ಲಿ ಎರಡು ವರ್ಷದ ಹಿಂದೆ ಬೈಕ್ ಕೊಂಡಾಗ ಐದು ವರ್ಷದ ವಿಮೆ ಮಾಡಿಸಿದ್ದೇನೆ. ಬೈಕ್ ಕಳವಾದರೆ ಹಣ ಬರುತ್ತದೆಯಲ್ಲವೇ?

ಉತ್ತರ: ಪಾಲಿಸಿ ಕಾಗದವನ್ನು ಇಂದೇ ತೆಗೆದು ಓದಿ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಕ್ಕೆ ಕಡ್ಡಾಯವಾಗಿರುವುದು ನಿಮ್ಮ ಬೈಕಿನಿಂದ ಬೇರೆಯವರಿಗಾದ ಹಾನಿಗೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ವಿಮೆ ಮಾತ್ರ, ಅದರಲ್ಲಿ ಕಳವಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಕಳವಿಗೆ ಪರಿಹಾರ ಕೊಡುವ ಸ್ವಂತ ಹಾನಿಯ ಭಾಗವನ್ನು ಸಾಮಾನ್ಯವಾಗಿ ಒಂದು ವರ್ಷಕ್ಕೆ ಮಾಡಿರುತ್ತಾರೆ. ನಿಮ್ಮದೂ ಹಾಗೆಯೇ ಇದ್ದು ನವೀಕರಿಸಿರದಿದ್ದರೆ ಒಂದು ವರ್ಷದಿಂದ ನಿಮ್ಮ ಬೈಕಿಗೆ ಕಳವಿನ ರಕ್ಷಣೆ ಇಲ್ಲ.

ನವೀಕರಿಸಿದ ಮೇಲೂ ಕೊಂಡ ಬೆಲೆ ಪೂರ್ತಿ ಬಾರದು. ಪಾಲಿಸಿಯಲ್ಲಿ ಐಡಿವಿ (ವಿಮೆಗಾಗಿ ಘೋಷಿಸಿದ ವಾಹನದ ಮೌಲ್ಯ) ಎಂದು ಬರೆದಿರುವ ಮೊತ್ತವೇ ಲೆಕ್ಕಕ್ಕೆ ಆಧಾರ. ಕಳವಾದರೆ ತಡಮಾಡದೆ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ ಕಂಪನಿಗೂ ತಿಳಿಸಿ. ಎಫ್‌ಐಆರ್ ಕೂಡಲೇ ಆಗಿದ್ದರೆ ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2020ರ ಜನವರಿಯಲ್ಲಿ ಹೇಳಿದೆ, ಆದರೂ ಅದನ್ನು ನೆಚ್ಚಿ ಸುಮ್ಮನಿರಬೇಡಿ. ಬೈಕ್ ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ’ ವರದಿಯನ್ನು ಕಂಪನಿ ಕೇಳುತ್ತದೆ. ಬೈಕಿನ ಎರಡೂ ಕೀಲಿಗಳನ್ನೂ ಕೇಳುತ್ತದೆ. ಒಂದು ಕೀಲಿ ಕಳೆದಿದ್ದರೆ ಕೀಲಿ ಬೈಕಿನಲ್ಲೇ ಬಿಟ್ಟಿದ್ದಿರಿ ಎಂಬ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ, ಆದ್ದರಿಂದ ಎರಡನೆಯ ಕೀಲಿ ಮನೆಯಲ್ಲಿ ಎಲ್ಲಿದೆ ಎಂಬುದನ್ನೂ ಇಂದೇ ನೋಡಿಕೊಳ್ಳಿ. ಬೈಕಿನ ಮೇಲೆ ಸಾಲವಿದ್ದರೆ ಪರಿಹಾರದ ಹಣ ಮೊದಲು ಸಾಲ ಕೊಟ್ಟವರಿಗೆ ಹೋಗುತ್ತದೆ.