ಉಪಯುಕ್ತತಾವಾದ, ಕರ್ತವ್ಯವಾದ, ಸದ್ಗುಣವಾದ: ಮೂರನ್ನೂ ಹೋಲಿಸಿ ಒಂದನ್ನು ಆರಿಸಿಕೊಳ್ಳುವುದು ಹೇಗೆ?

ಮೂರನ್ನೂ ಕೋಷ್ಟಕದಲ್ಲಿ ಇಟ್ಟು ಗುಣದೋಷಗಳನ್ನು ತೂಗಬೇಕೆಂದಿದ್ದೀರಿ. ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿ ನಾನೂ ಅಂಥದೇ ಕೋಷ್ಟಕವನ್ನು ಮಾಡಿದ್ದೆ; ನನ್ನ ಪ್ರಬಂಧ ನಿಂತಿದ್ದೂ ಅದರ ಮೇಲೆಯೇ, ಬಿದ್ದಿದ್ದೂ ಅದರಿಂದಲೇ.

ಎಡಗಡೆ ಆರು ಧರ್ಮಸಂಕಟದ ಸನ್ನಿವೇಶಗಳು, ಮೇಲ್ಗಡೆ ಮೂರು ವಾದಗಳ ಪ್ರತಿನಿಧಿಗಳು: ಕೃತ್ಯದ ಫಲದಿಂದ ಎಲ್ಲರಿಗೂ ಆಗುವ ಸುಖವನ್ನು ಅಳೆಯುವ ಉಪಯುಕ್ತತಾವಾದಕ್ಕೆ ಮಿಲ್, ಫಲವೇನೇ ಇರಲಿ ಕರ್ತವ್ಯವನ್ನೇ ನೋಡುವ ಕರ್ತವ್ಯವಾದಕ್ಕೆ ಕಾಂಟ್, ಒಳ್ಳೆಯ ಸ್ವಭಾವವನ್ನು ನೋಡುವ ಸದ್ಗುಣವಾದಕ್ಕೆ ಅರಿಸ್ಟಾಟಲ್. ಪ್ರತಿಯೊಂದು ಮನೆಯಲ್ಲೂ ‘ಸರಿ’ ಅಥವಾ ‘ತಪ್ಪು’ ಎಂದು ತುಂಬುತ್ತ ಹೋದೆ. ಅರಿಸ್ಟಾಟಲನ ಕಂಬಸಾಲಿನಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆಗಳೇ ಹೆಚ್ಚಾಗಿದ್ದವು, ಅದು ಅವನ ಸಿದ್ಧಾಂತದ ದೌರ್ಬಲ್ಯವೆಂದು ಧೈರ್ಯವಾಗಿ ಬರೆದಿದ್ದೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಕೋಷ್ಟಕದ ತಲೆಸಾಲನ್ನು ಅಂಗೈಯಿಂದ ಮುಚ್ಚಿ, ಸುಳ್ಳು ವಾಗ್ದಾನದ ಬಗ್ಗೆ ನಾನು ಬರೆದಿದ್ದ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿ, “ಇದು ಕಾಂಟನ ಮಾತೋ, ಮಿಲ್ಲನದೋ?” ಎಂದು ಕೇಳಿದರು. ನನಗೆ ಹೇಳಲಾಗಲಿಲ್ಲ.

ಆ ವಾಕ್ಯ ಹೀಗಿತ್ತು: ‘ಎಲ್ಲರೂ ಸುಳ್ಳು ವಾಗ್ದಾನ ಮಾಡತೊಡಗಿದರೆ ಪರಸ್ಪರ ನಂಬಿಕೆ ಕುಸಿದು ಎಲ್ಲರಿಗೂ ಹಾನಿಯಾಗುತ್ತದೆ, ಆದ್ದರಿಂದ ಅದು ತಪ್ಪು.’ ಕಾಂಟನ ಹೆಸರಿನಲ್ಲಿ ನಾನು ಬರೆದದ್ದು ಅಪ್ಪಟ ಫಲಿತಾಂಶವಾದವಾಗಿತ್ತು, ಅಂದರೆ ಫಲವನ್ನು ನೋಡಿಯೇ ಸರಿತಪ್ಪು ಹೇಳುವ ಮಿಲ್ಲನ ಕಡೆಯ ವಾದ, ಏಕೆಂದರೆ ಇಲ್ಲಿ ತೀರ್ಪು ಕೊಡುತ್ತಿರುವುದು ‘ಹಾನಿ’ ಎಂಬ ಪದ. 1785ರ ಪುಸ್ತಕದಲ್ಲಿ ಕಾಂಟ್ ಹೇಳುವುದು ಬೇರೆ. ತೀರಿಸಲಾರೆನೆಂದು ತಿಳಿದೂ ತೀರಿಸುವೆನೆಂದು ಮಾತು ಕೊಟ್ಟು ಸಾಲ ಪಡೆಯುವವನು, ತನ್ನ ಈ ನಿಯಮವೇ ಎಲ್ಲರ ನಿಯಮವಾಗಲೆಂದು ಬಯಸಿದರೆ, ಅಲ್ಲಿ ಮಾತು ಕೊಡುವುದಕ್ಕೇ ಅರ್ಥವಿರುವುದಿಲ್ಲ, ಕೊಟ್ಟ ಮಾತನ್ನು ಯಾರೂ ನಂಬುವುದಿಲ್ಲ, ಅವನು ಹೂಡಿದ ಉಪಾಯವೇ ಅಸಾಧ್ಯವಾಗುತ್ತದೆ. ಅಂಥ ಲೋಕದಲ್ಲಿ ಜನ ದುಃಖಿಗಳಾಗುತ್ತಾರೆಯೇ ಎಂಬುದು ಅವನ ಪ್ರಶ್ನೆಯಲ್ಲ; ಸಾಲವೇ ಇಲ್ಲದ ಆ ಲೋಕದಲ್ಲಿ ಎಲ್ಲರೂ ಇನ್ನಷ್ಟು ಸುಖವಾಗಿದ್ದರೂ ಆ ಒಳವಿರೋಧ ಹಾಗೆಯೇ ಉಳಿಯುತ್ತದೆ. ಯಾರಿಗೂ ನೆರವಾಗದವನ ಉದಾಹರಣೆಯಲ್ಲಂತೂ, ಅಂಥ ಲೋಕವನ್ನು ಕಲ್ಪಿಸಿಕೊಳ್ಳಬಹುದೆಂದು ಕಾಂಟನೇ ಒಪ್ಪುತ್ತಾನೆ. ಆದರೆ ಮುಂದೆಂದೋ ಇತರರ ನೆರವು ತನಗೂ ಬೇಕಾಗುವುದರಿಂದ ಅದನ್ನು ಇಚ್ಛಿಸಲಾಗದು ಎನ್ನುತ್ತಾನೆ. ಎರಡೂ ಬೇರೆ ಬೇರೆ ಬಗೆಯ ವಿರೋಧಗಳು. ನಾನು ಎರಡನ್ನೂ ‘ಕೆಟ್ಟ ಫಲ’ ಎಂಬ ಒಂದೇ ಚೀಲಕ್ಕೆ ತುಂಬಿದ್ದೆ.

ಕಾಂಟ್ ಕೊನೆಗೂ ಫಲಿತಾಂಶಗಳನ್ನೇ ನೆಚ್ಚಿಕೊಂಡಿದ್ದಾನೆ ಎಂಬುದು 1861ರಲ್ಲಿ ಮಿಲ್ ಮಾಡಿದ ಆರೋಪ. ಯಾವುದೋ ಪರೀಕ್ಷಾ ಕೈಪಿಡಿಯಿಂದ ನಾನು ಎದುರಾಳಿಯ ಆರೋಪವನ್ನೇ ಕಾಂಟನ ಸಿದ್ಧಾಂತವೆಂದು ನಕಲು ಮಾಡಿಕೊಂಡಿದ್ದೆ, ಹೀಗಾಗಿ ನನ್ನ ಹೋಲಿಕೆಯಲ್ಲಿ ಮಿಲ್ ಗೆಲ್ಲದೆ ಬೇರೆ ದಾರಿಯೇ ಇರಲಿಲ್ಲ. ಪ್ರಬಂಧ ತಿರಸ್ಕೃತವಾಯಿತು, ಮತ್ತೆ ಬರೆಯಲು ಒಂದು ವರ್ಷ ಹಿಡಿಯಿತು.

ಆದ್ದರಿಂದ ‘ಯಾವುದನ್ನು ಆರಿಸಿಕೊಳ್ಳಲಿ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂವರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಅರಿಸ್ಟಾಟಲ್ ಕೇಳುವುದು ಬಾಳು ಹೇಗಿರಬೇಕೆಂದು. ಗಣಿತದ ನಿಖರತೆಯನ್ನು ಈ ವಿಷಯದಲ್ಲಿ ನಿರೀಕ್ಷಿಸಬಾರದೆಂದು ಅವನು ಆರಂಭದಲ್ಲೇ ಎಚ್ಚರಿಸಿದ್ದಾನೆ. ನನ್ನ ಪ್ರಶ್ನಾರ್ಥಕ ಚಿಹ್ನೆಗಳು ನನ್ನ ಓದಿನ ದೌರ್ಬಲ್ಯವಾಗಿದ್ದವು. ಮಿಲ್ಲನೂ ಪ್ರತಿ ಹೆಜ್ಜೆಗೂ ಲೆಕ್ಕ ಹಾಕೆಂದು ಹೇಳುವುದಿಲ್ಲ. ನಾವಿಕರು ಮೊದಲೇ ಗಣಿಸಿಟ್ಟ ನೌಕಾ ಪಂಚಾಂಗವನ್ನು ಹಿಡಿದೇ ಸಮುದ್ರಕ್ಕೆ ಇಳಿಯುತ್ತಾರೆ, ಹಾಗೆಯೇ ನಾವೂ ಸರಿತಪ್ಪಿನ ಸಾಮಾನ್ಯ ಪ್ರಶ್ನೆಗಳಿಗೆ ಮೊದಲೇ ಉತ್ತರ ಇಟ್ಟುಕೊಂಡು ಬಾಳಿಗೆ ಇಳಿಯುತ್ತೇವೆ ಎನ್ನುತ್ತಾನೆ. ಐವರನ್ನು ಉಳಿಸಲು ಬಂಡಿಯನ್ನು ಒಬ್ಬನ ಮೇಲೆ ತಿರುಗಿಸಬಹುದೇ ಎಂದು ಕೇಳುವ ಹೆಸರಾಂತ ಟ್ರಾಲಿಯ ಪ್ರಸಂಗವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕರ್ತವ್ಯಗಳು ಹಲವು, ಅವು ಪರಸ್ಪರ ಘರ್ಷಿಸಬಲ್ಲವು ಎನ್ನುವ ತತ್ತ್ವಜ್ಞಾನಿ ರಾಸ್‌ನ 1930ರ ಪುಸ್ತಕವನ್ನೂ ಆಮೇಲೆ ಓದಬಹುದು.

ಹೋಲಿಕೆ ಮಾಡಲೇಬೇಕೆಂದಿದ್ದರೆ ಸುಳ್ಳು ವಾಗ್ದಾನದ ಒಂದೇ ಉದಾಹರಣೆಯನ್ನು ಹಿಡಿದು, ಒಬ್ಬೊಬ್ಬನ ಮೂಲಗ್ರಂಥವನ್ನು ಎದುರಿಗಿಟ್ಟುಕೊಂಡು, ಒಬ್ಬೊಬ್ಬನಿಗೆ ಒಂದೊಂದು ಪುಟ ಬರೆಯಿರಿ. ಒಂದು ವಾರ ಬಿಟ್ಟು ಹೆಸರುಗಳನ್ನು ಮುಚ್ಚಿ ಓದಿ, ಯಾರದೆಂದು ಗುರುತು ಸಿಗದ ಪುಟವನ್ನು ಮತ್ತೆ ಬರೆಯಿರಿ. ನನಗೆ ಕಾಂಟನ ಪುಟವನ್ನು ನಾಲ್ಕು ಸಲ ಬರೆಯಬೇಕಾಯಿತು.